ಡಿಸೆಂಬರಿಗೆ ಘಟ್ಟ, ಫೆಬ್ರವರಿಗೆ ಹಿಮಾಲಯ: ಬೆಂಗಳೂರಿನವರು ಚಳಿಗಾಲದ ಚಾರಣ ಆರಿಸುವ ಬಗೆ

ನವೆಂಬರ್ ಶುರುವಾದರೆ ಸಾಕು, ಬೆಂಗಳೂರಿನ ಆಫೀಸುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಹೆಸರು ಓಡಾಡುತ್ತದೆ: ಉತ್ತರಾಖಂಡದ ಹಿಮದ ಬೆಟ್ಟ ಕೇದಾರಕಂಠ. ಯಾರೋ ಒಬ್ಬರು ಹಿಮದಲ್ಲಿ ನಿಂತ ಫೋಟೋ ಹಾಕುತ್ತಾರೆ. ಇನ್ನೊಬ್ಬರು ಡೆಹ್ರಾಡೂನ್ ವಿಮಾನದ ದರ ಹಾಕುತ್ತಾರೆ. ಮೂರನೆಯವರು "ಕ್ರಿಸ್‌ಮಸ್ ವಾರ ಹೇಗೂ ರಜೆ ಇದೆಯಲ್ಲ, ಹೋಗೇಬಿಡೋಣ" ಅನ್ನುತ್ತಾರೆ. ಅಲ್ಲಿಗೆ ತೀರ್ಮಾನ ಆಗಿಹೋಯಿತು. ನಮಗೆ ಬೇಕಾಗಿರುವುದು ಏನು, ಅದು ಯಾವ ತಿಂಗಳಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಕೂತವರಿಗೆ ಚಳಿಗಾಲದಲ್ಲಿ ಬೆಟ್ಟ ಹತ್ತಲು ಮುಖ್ಯವಾಗಿ ಮೂರು ದಿಕ್ಕು. ನಮ್ಮದೇ ಪಶ್ಚಿಮ ಘಟ್ಟ, ಉತ್ತರಾಖಂಡದ ಹಿಮ, ಡಾರ್ಜಿಲಿಂಗ್ ಕಡೆಯ ಸಂದಕ್‌ಫು. ಇವುಗಳಲ್ಲಿ ಯಾವುದು ಮೇಲು ಅಂತ ಗಂಟೆಗಟ್ಟಲೆ ವಾದ ಮಾಡುವವರನ್ನು ನೋಡಿದ್ದೇನೆ. ಆದರೆ ಇವು ಒಂದೇ ತಿಂಗಳಿನ ಆಯ್ಕೆಗಳೇ ಅಲ್ಲ. ಘಟ್ಟದ ಒಳ್ಳೆಯ ಕಾಲ ನವೆಂಬರ್ ಕೊನೆಯಿಂದ ಜನವರಿವರೆಗೆ. ಹಿಮದ ಒಳ್ಳೆಯ ಕಾಲ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ. ನಾವು ಮಾಡುವುದು ಪೂರ್ತಿ ಉಲ್ಟಾ. ಡಿಸೆಂಬರಿನಲ್ಲಿ ಹಿಮ ಹುಡುಕಿಕೊಂಡು ಉತ್ತರಕ್ಕೆ ಓಡುತ್ತೇವೆ. ಆಮೇಲೆ ಮಾರ್ಚಿನಲ್ಲಿ, ಹುಲ್ಲೆಲ್ಲ ಒಣಗಿ ಅರಣ್ಯ ಇಲಾಖೆ ದಾರಿ ಮುಚ್ಚಿದ ಮೇಲೆ, ಕುಮಾರಪರ್ವತ ನೆನಪಾಗುತ್ತದೆ.

ಹಾಗಾಗಿ ಊರಿನ ಹೆಸರು ಆಮೇಲೆ ನೋಡೋಣ. ಮೊದಲು ಒಂದು ವಿಷಯ ತೀರ್ಮಾನಿಸಿ: ನಿಮಗೆ ಹಿಮ ತುಳಿಯಬೇಕಾ, ದೊಡ್ಡ ಪರ್ವತಗಳನ್ನು ಕಣ್ತುಂಬ ನೋಡಬೇಕಾ, ಅಥವಾ ಎರಡು ದಿನ ಬೆವರು ಹರಿಸಿ ನಡೆಯಬೇಕಾ? ಮೂರಕ್ಕೂ ಉತ್ತರ ಬೇರೆ ಬೇರೆ.

ಬರೀ ನಡಿಗೆ ಬೇಕಿದ್ದರೆ

ನಡಿಗೆಗೆ ಡಿಸೆಂಬರಿನ ಘಟ್ಟಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮಳೆ ನಿಂತಿರುತ್ತದೆ, ಇಂಬಳದ ಕಾಟ ಮುಗಿದಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರು ಇರುತ್ತದೆ. ಹುಲ್ಲು ಹಸಿರಿನಿಂದ ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುತ್ತದೆ. ಬೆಳಿಗ್ಗೆ ಮೋಡ ಕೆಳಗೆ ಕಣಿವೆಯಲ್ಲೇ ನಿಂತಿರುತ್ತದೆ. ಮಧ್ಯಾಹ್ನದ ಬಿಸಿಲು ಏಪ್ರಿಲ್ ತರಹ ಸುಡುವುದಿಲ್ಲ.

"ಘಟ್ಟ ಅಂದರೆ ಸಣ್ಣದು, ವಾರಾಂತ್ಯದ ಪಿಕ್ನಿಕ್" ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಆದರೆ ನಡಿಗೆ ಶುರುವಾಗುವ ಸಾಂಕ್ರಿ ಹಳ್ಳಿಯೇ ಹೆಚ್ಚು ಕಡಿಮೆ 1,950 ಮೀಟರ್ ಎತ್ತರದಲ್ಲಿದೆ. ಅಂದರೆ ನೀವು ನಿಜವಾಗಿ ಕಾಲಲ್ಲಿ ಹತ್ತುವುದು 1,850 ಮೀಟರ್ ಆಸುಪಾಸು, ಅದೂ ಮೂರು ದಿನಕ್ಕೆ ಹಂಚಿಕೊಂಡು. ಕುಮಾರಪರ್ವತದ ತುದಿ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಘಟ್ಟದ ಬುಡದಲ್ಲಿರುವ ಊರು, ಹಾಗಾಗಿ ಅಲ್ಲಿಂದ ಹೊರಟರೆ 1,500 ಮೀಟರಿಗೂ ಜಾಸ್ತಿ ಏರು. ಅದನ್ನು ಹತ್ತಿ ಇಳಿಯಲು ನಮ್ಮವರು ಇಟ್ಟುಕೊಳ್ಳುವುದು ಒಂದು ಶನಿವಾರ, ಒಂದು ಭಾನುವಾರ. ಮಂಡಿಯನ್ನು ಕೇಳಿ ನೋಡಿ, ಯಾವುದು ಕಷ್ಟ ಅಂತ ಅದೇ ಹೇಳುತ್ತದೆ. ಇಳಿಯುವಾಗಲಂತೂ ಕೊನೆಯ ಕಾಡಿನ ಭಾಗದಲ್ಲಿ ಕಾಲು ನಮ್ಮ ಮಾತು ಕೇಳುವುದನ್ನೇ ಬಿಟ್ಟಿರುತ್ತದೆ. ಅಷ್ಟು ಬೇಡ ಅನ್ನುವವರು ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಬಹುದು. ಆ ದಾರಿ ದೂರದಲ್ಲಿ ಕುಕ್ಕೆಯ ದಾರಿಯ ಅರ್ಧದಷ್ಟು, ಏರೂ ಕಡಿಮೆ. ಆದರೆ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆ ಇರುವುದು ಕುಕ್ಕೆಯ ದಾರಿಯಲ್ಲಿ. ಆ ಅನ್ನ ಸಾಂಬಾರಿಗಾಗಿಯೇ ಉದ್ದದ ದಾರಿ ಹಿಡಿಯುವವರಿದ್ದಾರೆ. ಅವರನ್ನು ತಪ್ಪು ಅನ್ನಲಾರೆ.

ಕುದುರೆಮುಖ ಬೇರೆಯೇ ರುಚಿ. ತುದಿ 1,894 ಮೀಟರ್, ಆದರೆ ಏರು ಅಷ್ಟು ಕಡಿದಲ್ಲ. ಕಳಸದ ಕಡೆಯಿಂದ ಮುಳ್ಳೋಡಿಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ನಡೆಯಬೇಕು. ಹಳ್ಳ ದಾಟಬೇಕು, ಶೋಲಾ ಕಾಡು ಹೊಕ್ಕು ಹೊರಬರಬೇಕು, ಮತ್ತೆ ಬಯಲು ಹುಲ್ಲುಗಾವಲು. ರಾಷ್ಟ್ರೀಯ ಉದ್ಯಾನದ ಒಳಗೆ ಉಳಿಯುವಂತಿಲ್ಲ, ಸಂಜೆಯೊಳಗೆ ವಾಪಸ್ ಬರಲೇಬೇಕು. ರಾತ್ರಿಗೆ ಹೋಂಸ್ಟೇ, ಬಿಸಿನೀರಿನ ಸ್ನಾನ, ನೀರುದೋಸೆ. ಟೆಂಟ್ ಅಂದರೆ ಮುಖ ಸಿಂಡರಿಸುವವರು ಗುಂಪಿನಲ್ಲಿದ್ದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸಿ.

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಬೆಟ್ಟ, 1,748 ಮೀಟರ್. ಮೊದಲ ಸಲ ಹತ್ತುವವರಿಗೆ, ಸ್ವಲ್ಪ ದೊಡ್ಡ ಮಕ್ಕಳಿಗೆ ಸರಿಹೊಂದುತ್ತದೆ. ಬುಡದಲ್ಲಿ 1792ರಲ್ಲಿ ಕಟ್ಟಿದ ನಾಲ್ಕುನಾಡು ಅರಮನೆ ಇದೆ, ಅದನ್ನೂ ನೋಡಿಕೊಂಡು ಬರಬಹುದು. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ತುದಿ, 1,930 ಮೀಟರ್. ಆದರೆ ತುದಿಯ ಹತ್ತಿರದವರೆಗೂ ರಸ್ತೆ ಬಂದಿದೆ, ರಜೆಯ ದಿನ ಕಾರುಗಳ ಸಾಲು. ಚಾರಣಕ್ಕೆ ಅಂತ ಅಲ್ಲಿಗೆ ಹೋಗಬೇಡಿ.

ಘಟ್ಟದ ದೊಡ್ಡ ತೊಂದರೆ ಚಳಿಯೂ ಅಲ್ಲ, ಏರೂ ಅಲ್ಲ. ಜನ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ದೃಶ್ಯವನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಚೆಯೇ ಟಿಕೆಟ್ ತೆಗೆದುಕೊಳ್ಳಬೇಕು, ದಿನಕ್ಕೆ ಇಂತಿಷ್ಟು ಜನ ಅಂತ ಮಿತಿ ಇದೆ. ಇದನ್ನು ಬೈಯುವವರೇ ಜಾಸ್ತಿ. ನನಗಂತೂ ಖುಷಿ. ಟಿಕೆಟ್ ಸಿಕ್ಕರೆ ಬೆಟ್ಟವೂ ಸಿಗುತ್ತದೆ, ಸಿಗದಿದ್ದರೆ ಇನ್ನೊಂದು ಬೆಟ್ಟ ಇದ್ದೇ ಇದೆ. ಆದರೆ ಟಿಕೆಟ್ ಇಲ್ಲದೆ ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ಚೆಕ್‌ಪೋಸ್ಟಿನಲ್ಲಿ ಗಾರ್ಡ್ ಜೊತೆ ಜಗಳ ಆಡುವುದು ಮಾತ್ರ ಬೇಡ. ಅವರ ಕೈಯಲ್ಲಿ ಏನೂ ಇಲ್ಲ.

ಇನ್ನೊಂದು ವಿಷಯ, ಇದನ್ನು ಯಾವ ಟ್ರೆಕ್ ಕಂಪನಿಯ ಜಾಹೀರಾತೂ ಹೇಳುವುದಿಲ್ಲ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ ಶುರುವಾಗುವುದು ಚಳಿಗಾಲದಲ್ಲೇ, ಬೇಸಿಗೆಯವರೆಗೂ ಇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗಿನಿಂದ. ಇಂಬಳ ಹೋಯಿತು ಅಂತ ಚಡ್ಡಿ ಹಾಕಿಕೊಂಡು ಕಾಡಿಗೆ ನುಗ್ಗುತ್ತೇವಲ್ಲ, ಆಗಲೇ ಉಣುಗು ಹತ್ತುವುದು. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಡಚಾದ್ರಿ ಸುತ್ತಮುತ್ತ ಹೋಗುವವರು ಉದ್ದ ಪ್ಯಾಂಟ್ ಹಾಕಿ ಸಾಕ್ಸ್ ಒಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ. ಸಂಜೆ ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ ಮೈ ತಿಕ್ಕಿ ಸ್ನಾನ ಮಾಡಿ. ಹೋಗುವ ಊರಿನಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಆ ವಾರ ಬೇರೆ ಕಡೆ ಹೋಗಿ. ಬಂದ ಮೇಲೆ ಹತ್ತು ದಿನದೊಳಗೆ ಜ್ವರ, ವಿಪರೀತ ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಹಿಮವೇ ಬೇಕು ಅಂದರೆ

ಆಗ ಉತ್ತರಾಖಂಡವೇ ಸರಿ. ಹಿಮಾಚಲದಲ್ಲಿ ಚಳಿಗಾಲದಲ್ಲಿ ಎತ್ತರದ ದಾರಿಗಳು ಬಹುತೇಕ ಮುಚ್ಚಿರುತ್ತವೆ. ಉಳಿಯುವುದು ಮಂಡಿ ಹತ್ತಿರದ ಪರಾಶರ ಸರೋವರದಂಥ ಸಣ್ಣ ನಡಿಗೆಗಳು. ಲಡಾಖಿನಲ್ಲಿ ಹೆಪ್ಪುಗಟ್ಟಿದ ಝನ್ಸ್‌ಕಾರ್ ನದಿಯ ಮೇಲಿನ ಚಾದರ್ ನಡಿಗೆಯ ಫೋಟೋ ನೋಡಿ ಮರುಳಾಗಬೇಡಿ. ವಿಮಾನ ನೇರ 3,500 ಮೀಟರಿನ ಲೇಹ್‌ನಲ್ಲಿ ಇಳಿಸುತ್ತದೆ, ಬೆಂಗಳೂರು ಇರುವುದೇ ಸುಮಾರು 920 ಮೀಟರಿನಲ್ಲಿ. ಮೊದಲ ಹಿಮಾಲಯಕ್ಕೆ ಅದು ಅಲ್ಲವೇ ಅಲ್ಲ.

ಉತ್ತರಾಖಂಡದಲ್ಲಿ ಚಳಿಗಾಲಕ್ಕೆ ಹೇಳಿ ಮಾಡಿಸಿದ ದಾರಿಗಳು ಕೇದಾರಕಂಠ, ಬ್ರಹ್ಮತಾಲ್, ದಯಾರಾ ಬುಗ್ಯಾಲ್, ಕುವಾರಿ ಪಾಸ್, ಚೋಪ್ತಾದ ಚಂದ್ರಶಿಲಾ, ಮಸ್ಸೂರಿ ಹತ್ತಿರದ ನಾಗ್ ಟಿಬ್ಬಾ. ಎಲ್ಲಕ್ಕೂ ಒಂದೇ ಪ್ರಶ್ನೆ: ಹಿಮ ಇರುತ್ತಾ? ಅಲ್ಲಿ ಚಳಿಗಾಲದ ಹಿಮ ತರುವುದು ಪಶ್ಚಿಮದಿಂದ, ಮೆಡಿಟರೇನಿಯನ್ ಕಡೆಯಿಂದ ಅಲೆ ಅಲೆಯಾಗಿ ಬರುವ ಹವೆ. ಅದು ಜೋರಾಗುವುದು ಜನವರಿ, ಫೆಬ್ರವರಿಯಲ್ಲಿ. ಡಿಸೆಂಬರಿನಲ್ಲಿ ಒಂದೆರಡು ಸಲ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. 2024ರ ಜನವರಿ ಮೊದಲ ವಾರಗಳಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನಲ್ಲೇ ನೆಲ ಒಣಗಿ ಕಂದು ಬಣ್ಣಕ್ಕಿತ್ತು. ಹಾಗಿರುವಾಗ ಡಿಸೆಂಬರ್ 25ಕ್ಕೆ ಸಾಂಕ್ರಿಯಲ್ಲಿ ಮೊಣಕಾಲುದ್ದ ಹಿಮ ಇರುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ, ಅವರು ನಿಮಗೆ ಸೀಟು ಮಾರುತ್ತಿದ್ದಾರೆ ಅಷ್ಟೇ.

ಕೇದಾರಕಂಠ ಕೆಟ್ಟ ಬೆಟ್ಟವಲ್ಲ, ಅದು ನಿಜವಾಗಿಯೂ ಚೆಂದ. ಜುಡಾ ಕಾ ತಾಲಾಬ್ ಕೆರೆಯ ಸುತ್ತ ಕಾಡು, ನಡುರಾತ್ರಿ ದಾಟಿದ ಮೇಲೆ ತುದಿಗೆ ಹೊರಡುವ ಗಡಿಬಿಡಿ, ಮೇಲೆ ನಿಂತರೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಪರ್ವತಗಳು. ಮೊದಲ ಸಲದವರಿಗೆ ಇದಕ್ಕಿಂತ ಸರಳವಾದ ದೊಡ್ಡ ತುದಿ ಸಿಗುವುದು ಕಷ್ಟ. ಆದರೆ ವರ್ಷದ ಕೊನೆಯ ವಾರ ಅಲ್ಲಿ ಟೆಂಟಿನ ಪಕ್ಕ ಟೆಂಟು, ತುದಿಯ ದಾರಿಯಲ್ಲಿ ಹೆಡ್‌ಲ್ಯಾಂಪ್‌ಗಳ ಸಾಲು. ಫೋಟೋಗೆ ಸರದಿ ನಿಲ್ಲಬೇಕು. ಅದೇ ಬೆಟ್ಟಕ್ಕೆ ಫೆಬ್ರವರಿಯ ಒಂದು ಮಂಗಳವಾರ ಹೋಗಿ, ಬೇರೆ ಲೋಕ.

ನನ್ನನ್ನು ಕೇಳಿದರೆ ಫೆಬ್ರವರಿಗೆ ಬ್ರಹ್ಮತಾಲ್. ಚಮೋಲಿ ಜಿಲ್ಲೆಯ ಲೋಹಾಜಂಗ್‌ನಿಂದ ಶುರು. ಎತ್ತರ ಕೇದಾರಕಂಠಕ್ಕಿಂತ ಸ್ವಲ್ಪ ಕಡಿಮೆ, ಆದರೆ ಅಲ್ಲಿ ಏಣು ಹಿಡಿದು ನಡೆಯುವಾಗ 7,120 ಮೀಟರಿನ ತ್ರಿಶೂಲ ಪರ್ವತ ಮತ್ತು ಪಕ್ಕದಲ್ಲೇ ನಂದಾಘುಂಟಿ ಎದುರಿಗೇ ನಿಂತಿರುತ್ತವೆ. ಕೇದಾರಕಂಠದಲ್ಲಿ ಪರ್ವತಗಳು ದೂರದ ಸಾಲು. ಇಲ್ಲಿ ಹಾಗಲ್ಲ, ಕತ್ತು ಎತ್ತಿ ನೋಡಬೇಕು. ತೊಂದರೆ ಅಂದರೆ ದಾರಿ. ಹೃಷಿಕೇಶದಿಂದಾಗಲಿ ಕಾಠಗೋದಾಮದಿಂದಾಗಲಿ ಇಡೀ ದಿನದ ಜೀಪ್ ಪ್ರಯಾಣ, ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ಇಟ್ಟುಕೊಳ್ಳಲೇಬೇಕು. ಡೆಹ್ರಾಡೂನ್‌ನಿಂದ ಸಾಂಕ್ರಿಗೂ 200 ಕಿಲೋಮೀಟರ್ ಹತ್ತಿರ ಹತ್ತಿರ ಆಗುತ್ತದೆ, ಅಲ್ಲೂ ಹಗಲು ಪೂರ್ತಿ ಹೋಗುತ್ತದೆ. ಹಾಗಾಗಿ ಇದನ್ನು ದೊಡ್ಡ ವ್ಯತ್ಯಾಸ ಅಂತ ಲೆಕ್ಕ ಹಾಕಬೇಡಿ.

ದಯಾರಾ ಬುಗ್ಯಾಲ್ ಮಕ್ಕಳಿಗೆ, ಅಪ್ಪ ಅಮ್ಮನಿಗೆ, "ನನ್ನ ಕೈಲಾಗುತ್ತಾ" ಅನ್ನುವವರಿಗೆ. ಉತ್ತರಕಾಶಿ ಕಡೆಯ ರೈಥಲ್ ಅಥವಾ ಬಾರ್ಸೂ ಹಳ್ಳಿಯಿಂದ ಹತ್ತುವುದು. ಬುಗ್ಯಾಲ್ ಅಂದರೆ ಎತ್ತರದ ಹುಲ್ಲುಗಾವಲು. ಇಲ್ಲಿನದು ಅಗಲವಾದದ್ದು, ಚಳಿಗಾಲದಲ್ಲಿ ಅದೆಲ್ಲ ಹಿಮದ ಬಯಲು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳ ಮೇಲೆ ರಾತ್ರಿ ಉಳಿಯುವುದನ್ನು ನಿಷೇಧಿಸಿತು. ಅದಕ್ಕೇ ಟೆಂಟ್‌ಗಳು ಕೆಳಗೆ ಕಾಡಿನ ಅಂಚಿನಲ್ಲಿ ಇರುತ್ತವೆ. "ಹುಲ್ಲುಗಾವಲ ಮಧ್ಯದಲ್ಲೇ ಟೆಂಟ್" ಅಂತ ಯಾರಾದರೂ ಆಸೆ ತೋರಿಸಿದರೆ ಅವರ ಬಗ್ಗೆ ಅನುಮಾನ ಪಡಿ. ಚೋಪ್ತಾ ಕಡೆ ಹೋದರೆ 3,680 ಮೀಟರಿನ ತುಂಗನಾಥ ದೇವಸ್ಥಾನ ನೋಡಿಕೊಂಡು ಚಂದ್ರಶಿಲಾ ಹತ್ತಬಹುದು, ಆದರೆ ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ, ಉತ್ಸವಮೂರ್ತಿ ಮಕ್ಕೂಮಠದಲ್ಲಿ ಇರುತ್ತದೆ. ದರ್ಶನದ ಆಸೆಯಿಂದ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಹೇಳಿಬಿಡಿ. ಕುವಾರಿ ಪಾಸ್‌ನಿಂದ ನಂದಾದೇವಿ, ದ್ರೋಣಗಿರಿ ಕಾಣುವ ನೋಟಕ್ಕೆ ಸಾಟಿ ಇಲ್ಲ. ಅದರ ದಾರಿ ಜೋಶಿಮಠದ ಮೇಲೆ ಹೋಗುತ್ತದೆ, 2023ರ ಜನವರಿಯಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟ ಅದೇ ಊರು. ಹೋಗುವ ಮುಂಚೆ ಅಲ್ಲಿನ ಸ್ಥಿತಿ ಕೇಳಿಕೊಳ್ಳಿ. ನಾಗ್ ಟಿಬ್ಬಾ ಡೆಲ್ಲಿಯವರ ವಾರಾಂತ್ಯ. ಬೆಂಗಳೂರಿನಿಂದ ವಿಮಾನಕ್ಕೆ ಅಷ್ಟು ದುಡ್ಡು ಕೊಟ್ಟು ಅದಕ್ಕೆ ಹೋಗುವುದು ದಂಡ.

ಆ ರಾತ್ರಿಗಳ ಬಗ್ಗೆ

ಹಿಮದ ಚಾರಣ ಅಂದರೆ ಹಗಲಿನ ಫೋಟೋ ಮಾತ್ರ ನೋಡಿರುತ್ತೀರಿ. ಅಲ್ಲಿ ನಿಮ್ಮ ಹೆಚ್ಚಿನ ಸಮಯ ಹೋಗುವುದು ರಾತ್ರಿಯಲ್ಲಿ. ಸಂಜೆ ಐದೂವರೆಗೆ ಬಿಸಿಲು ಹೋಯಿತು ಅಂದರೆ ಚಳಿ ಒಮ್ಮೆಲೇ ಏರುತ್ತದೆ. ಏಳಕ್ಕೆ ಊಟ, ಎಂಟಕ್ಕೆ ಸ್ಲೀಪಿಂಗ್ ಬ್ಯಾಗ್. ಬೆಳಗಾಗುವವರೆಗೆ ಹನ್ನೊಂದು ಗಂಟೆ ಅದರಲ್ಲೇ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಾವು ಹದಿನೈದು ಡಿಗ್ರಿಗೆ ಸ್ವೆಟರ್, ಮಂಕಿ ಕ್ಯಾಪ್ ಹಾಕುವ ಜನ. ಅಲ್ಲಿ ಮೈನಸ್ ಐದು, ಕೆಲವು ರಾತ್ರಿ ಮೈನಸ್ ಹತ್ತು.

ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ, ಹಾಗಾಗಿ ರಾತ್ರಿ ಬಿಸಿನೀರು ತುಂಬಿಸಿ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ಫೋನ್, ಪವರ್ ಬ್ಯಾಂಕ್ ಕೂಡ ಒಳಗೇ, ಚಳಿಗೆ ಬ್ಯಾಟರಿ ಬೇಗ ಇಳಿದುಹೋಗುತ್ತದೆ. ಶೌಚಕ್ಕೆ ಅಂದರೆ ಸಣ್ಣ ಟೆಂಟ್, ಒಳಗೊಂದು ಗುಂಡಿ, ಮೇಲೆ ಮಣ್ಣು ಎಳೆಯಲು ಒಂದು ಸಲಿಕೆ. ನೀರಿಲ್ಲ, ಟಿಶ್ಯೂ. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಅವಸರವಾದಾಗ ಸ್ಲೀಪಿಂಗ್ ಬ್ಯಾಗ್ ಜಿಪ್ ತೆಗೆದು, ಹೆಪ್ಪುಗಟ್ಟಿದ ಶೂ ಹಾಕಿಕೊಂಡು ಹೊರಗೆ ಹೋಗಬೇಕು. ಸ್ನಾನ ಇಡೀ ಚಾರಣಕ್ಕೆ ಇಲ್ಲ. ಇದೆಲ್ಲ ಓದಿ "ಅಯ್ಯೋ ಬೇಡಪ್ಪ" ಅನ್ನಿಸಿತಾ? ಹಾಗಿದ್ದರೆ ಕುದುರೆಮುಖದ ಹೋಂಸ್ಟೇ ನಿಮ್ಮದು, ಅದರಲ್ಲಿ ನಾಚಿಕೆ ಏನೂ ಇಲ್ಲ. "ಪರವಾಗಿಲ್ಲ, ನೋಡೇಬಿಡೋಣ" ಅನ್ನಿಸಿದರೆ ಹೊರಡಿ.

ಬಟ್ಟೆಯ ವಿಷಯ ಚಿಕ್ಕದು. ದಪ್ಪದ ಒಂದು ಜಾಕೆಟ್‌ಗಿಂತ ತೆಳುವಾದ ನಾಲ್ಕು ಪದರ ವಾಸಿ: ಥರ್ಮಲ್, ಒಂದೆರಡು ಉಣ್ಣೆ ಅಥವಾ ಫ್ಲೀಸ್, ಮೇಲೆ ಹಕ್ಕಿಯ ತುಪ್ಪಳ ತುಂಬಿದ ಡೌನ್ ಜಾಕೆಟ್. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಜೀನ್ಸ್ ಮನೆಯಲ್ಲೇ ಇರಲಿ. ಡೌನ್ ಜಾಕೆಟ್ ಕೊಳ್ಳಬೇಡಿ, ಬೆಂಗಳೂರಿನಲ್ಲಿ ಅದನ್ನು ಮತ್ತೆ ಯಾವಾಗ ಹಾಕುತ್ತೀರಿ? ಬಾಡಿಗೆಗೆ ಸಿಗುತ್ತದೆ. ಶೂ ಮಾತ್ರ ಸ್ವಂತದ್ದೇ ಇರಲಿ, ಹೊರಡುವ ಒಂದು ತಿಂಗಳ ಮುಂಚೆ ಕೊಂಡು ಹಾಕಿ ಓಡಾಡಿ ಪಳಗಿಸಿ. ಕಪ್ಪು ಕನ್ನಡಕ ಶೋಕಿಗಲ್ಲ. ಹಿಮದ ಮೇಲಿನ ಬಿಸಿಲಿಗೆ ಕಣ್ಣು ಉರಿದು ಒಂದೆರಡು ದಿನ ಬಿಡಲಾಗದಂತೆ ಆಗುತ್ತದೆ. ಜಾರದಂತೆ ಶೂಗೆ ಕಟ್ಟುವ ಮೈಕ್ರೋಸ್ಪೈಕ್, ಶೂ ಒಳಗೆ ಹಿಮ ಹೋಗದಂತೆ ಕಾಲಿಗೆ ಸುತ್ತುವ ಗೇಟರ್ ಆಯೋಜಕರೇ ಕೊಡುತ್ತಾರಾ ಅಂತ ದುಡ್ಡು ಕಟ್ಟುವ ಮೊದಲು ಕೇಳಿ.

ಎತ್ತರದ ಬಗ್ಗೆ ಮಾತ್ರ ಸದರ ಬೇಡ. 2,500 ಮೀಟರ್ ದಾಟಿದ ಮೇಲೆ ಯಾರಿಗಾದರೂ ತಲೆನೋವು, ವಾಕರಿಕೆ, ನಿದ್ದೆ ಇಲ್ಲದಿರುವುದು ಶುರುವಾಗಬಹುದು. ಜಿಮ್‌ಗೆ ಹೋಗುವವರಿಗೂ ಬರುತ್ತದೆ, ಕೆಲವು ಸಲ ಅವರಿಗೇ ಮೊದಲು, ಯಾಕೆಂದರೆ ಅವರು ಮುಂದೆ ಮುಂದೆ ಓಡುತ್ತಾರೆ. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನುವುದು ಪರ್ವತ ವೈದ್ಯರ ಲೆಕ್ಕ. ಆಯೋಜಕರ ದಿನಚರಿಯನ್ನು ಈ ಲೆಕ್ಕಕ್ಕೆ ಹಿಡಿದು ನೋಡಿ. ಐದು ದಿನದ ಚಾರಣವನ್ನು ಮೂರು ದಿನಕ್ಕೆ ಇಳಿಸಿ ಅಗ್ಗದಲ್ಲಿ ಕೊಡುವವರು ಕಡಿತ ಮಾಡಿರುವುದು ಇಲ್ಲೇ. ಎತ್ತರದ ಈ ತೊಂದರೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯರ ಮಾತು ಕೇಳಿ ನುಂಗಬೇಡಿ. ಸಲ್ಫಾ ಅಲರ್ಜಿ ಇರುವವರಿಗೆ ಅದು ಆಗದಿರಬಹುದು, ನಿಮ್ಮ ಡಾಕ್ಟರನ್ನೇ ಕೇಳಿ.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ತಂಡದಲ್ಲಿದ್ದ ಬಹುತೇಕರು ಕರ್ನಾಟಕದವರು, ಅನುಭವ ಇದ್ದವರೂ ಇದ್ದರು. ಜೂನ್ ಅಂದರೆ ಅಲ್ಲಿ ಬೇಸಿಗೆ. ಹವೆ ಕೆಟ್ಟರೆ ವಾಪಸ್ ಬರುವ ನಿರ್ಧಾರ ಯಾರದ್ದು, ವಾಕಿಟಾಕಿ ಇದೆಯಾ, ಆಕ್ಸಿಜನ್ ಸಿಲಿಂಡರ್ ಯಾವ ಕ್ಯಾಂಪ್‌ನಲ್ಲಿ ಇರುತ್ತದೆ, ಎಷ್ಟು ಜನಕ್ಕೆ ಒಬ್ಬ ಗೈಡ್. ಈ ನಾಲ್ಕು ಪ್ರಶ್ನೆಗೆ ಫೋನಿನಲ್ಲಿ ನೇರ ಉತ್ತರ ಬರದಿದ್ದರೆ ಅಂಥವರ ಜೊತೆ ಹೋಗಬೇಡಿ, ಎಷ್ಟೇ ಅಗ್ಗವಾಗಿರಲಿ. ಬೆಂಗಳೂರಿನಲ್ಲೇ ಕಚೇರಿ ಇರುವ ಇಂಡಿಯಾಹೈಕ್ಸ್‌ನಂಥವರು ಇದ್ದಾರೆ, ಕಡಿಮೆ ಖರ್ಚಿನ ಯೂತ್ ಹಾಸ್ಟೆಲ್ಸ್ ಇದೆ, ಸಾಂಕ್ರಿಯವರೇ ನಡೆಸುವ ಸಣ್ಣ ತಂಡಗಳೂ ಇವೆ. ಸ್ಥಳೀಯರ ಜೊತೆ ಹೋದರೆ ದುಡ್ಡು ಅವರ ಊರಲ್ಲೇ ಉಳಿಯುತ್ತದೆ. ಆದರೆ ಪ್ರಶ್ನೆಗಳು ಎಲ್ಲರಿಗೂ ಅವೇ.

ನೋಟ ಬೇಕು, ಟೆಂಟ್ ಬೇಡ

ಇಂಥವರಿಗೆ ಸಂದಕ್‌ಫು. ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ, 3,636 ಮೀಟರ್. ಅಲ್ಲಿ ನಿಂತರೆ ಎವರೆಸ್ಟ್, ಕಾಂಚನಜುಂಗಾ, ಲೋತ್ಸೆ, ಮಕಾಲು ಕಾಣುತ್ತವೆ. ಪ್ರಪಂಚದ ಅತಿ ಎತ್ತರದ ಐದು ಪರ್ವತಗಳಲ್ಲಿ ನಾಲ್ಕು ಒಂದೇ ಜಾಗದಿಂದ! ಕಾಂಚನಜುಂಗಾದ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ ಅಂತ ಹೇಳುತ್ತಾರೆ. ಹೇಳದಿದ್ದರೂ ಹಾಗೇ ಕಾಣುತ್ತಿತ್ತು ಅನ್ನಿ. ಕ್ರಿಸ್‌ಮಸ್ ವಾರವೇ ಉತ್ತರಕ್ಕೆ ಹೋಗಬೇಕು ಅನ್ನುವ ಹಟ ಇದ್ದರೆ ನಾನು ಕಳಿಸುವುದು ಇಲ್ಲಿಗೇ. ನವೆಂಬರ್, ಡಿಸೆಂಬರ್‌ನಲ್ಲಿ ಇಲ್ಲಿ ಆಕಾಶ ತಿಳಿಯಾಗಿರುತ್ತದೆ. ಹಿಮ ಸಿಗುವುದು ಅದೃಷ್ಟ, ಜನವರಿ ಫೆಬ್ರವರಿಗೆ ಅವಕಾಶ ಜಾಸ್ತಿ. ಆದರೆ ಪರ್ವತ ನೋಡಲು ಹಿಮ ಬೀಳಲೇಬೇಕು ಅಂತಿಲ್ಲವಲ್ಲ.

ಬೆಂಗಳೂರಿನಿಂದ ಬಾಗ್ಡೋಗ್ರಾಗೆ ನೇರ ವಿಮಾನ ಇದೆ. ಅಲ್ಲಿಂದ ಮಾನೇಭಂಜಾಂಗ್‌ಗೆ ಗಾಡಿ, ಮುಂದೆ ನೇಪಾಳದ ಗಡಿಯುದ್ದಕ್ಕೂ ಟುಮ್ಲಿಂಗ್, ಕಾಲಿಪೋಖ್ರಿ ದಾಟಿ ನಡಿಗೆ. ಹೋಗುವ ದಾರಿಯಲ್ಲೆಲ್ಲ ಸಣ್ಣ ವಸತಿಗೃಹಗಳು, ಕಂಬಳಿ, ಬಿಸಿ ಥುಕ್ಪಾ (ನೂಡಲ್ಸ್ ಸೂಪು). ಸಿಂಗಲೀಲಾ ರಾಷ್ಟ್ರೀಯ ಉದ್ಯಾನದೊಳಗೆ ಸ್ಥಳೀಯ ಗೈಡ್ ಬೇಕೇ ಬೇಕು, ಗುರುತಿನ ಚೀಟಿ ಕೈಯಲ್ಲೇ ಇರಲಿ. ಇಲ್ಲಿನ ಬೇಜಾರು ಅಂದರೆ ಜೀಪ್ ರಸ್ತೆ. ನೀವು ಏದುಸಿರು ಬಿಟ್ಟು ಹತ್ತುತ್ತಿರುವಾಗ ಪಕ್ಕದಲ್ಲೇ ಲ್ಯಾಂಡ್ ರೋವರ್ ಧೂಳೆಬ್ಬಿಸಿಕೊಂಡು ಹೋಗುತ್ತದೆ. ಅದರದ್ದೇ ಒಂದು ಅನುಕೂಲವೂ ಇದೆ: ನಡೆಯಲಾಗದ ಅಪ್ಪನನ್ನು ಜೀಪಿನಲ್ಲಿ ಕಳಿಸಿ, ನೀವು ನಡೆದು ಹೋಗಿ ಮೇಲೆ ಸೇರಬಹುದು. ಆದರೆ ಮೇಲಿನ ಎತ್ತರ ಅವರಿಗೂ ಅದೇ, ಒಂದೇ ದಿನಕ್ಕೆ ಅಷ್ಟು ಎತ್ತರಕ್ಕೆ ಕರೆದೊಯ್ಯಬೇಡಿ, ನಡುವೆ ಒಂದು ರಾತ್ರಿ ಟುಮ್ಲಿಂಗ್‌ನಲ್ಲಿ ನಿಲ್ಲಿಸಿ.

ವಿಮಾನವೂ ಬೇಡ, ಚಳಿ ಮಾತ್ರ ಬೇಕು ಅನ್ನುವವರಿಗೆ ದಕ್ಷಿಣದಲ್ಲೇ ದಾರಿ ಇದೆ. ಮುನ್ನಾರ್ ಹತ್ತಿರದ ಮೀಶಪುಲಿಮಲ 2,640 ಮೀಟರ್, ಆನಮುಡಿಯ ನಂತರ ಘಟ್ಟದ ಎರಡನೇ ಎತ್ತರದ ತುದಿ. ಕೇರಳ ಅರಣ್ಯ ಅಭಿವೃದ್ಧಿ ನಿಗಮದ ಮೂಲಕ ಬುಕ್ ಮಾಡಬೇಕು. ಜನವರಿಯ ಬೆಳಗ್ಗೆ ಆ ಕಡೆಯ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿರುತ್ತದೆ. ತಮಿಳುನಾಡು ಸರ್ಕಾರ 2024ರಲ್ಲಿ ಟ್ರೆಕ್ ತಮಿಳುನಾಡು ಅಂತ 40 ದಾರಿಗಳನ್ನು ಆನ್‌ಲೈನ್ ಬುಕಿಂಗ್‌ಗೆ ತೆರೆದಿದೆ, ನೀಲಗಿರಿಯವೂ ಅದರಲ್ಲಿವೆ, ಗೈಡ್ ಅವರೇ ಕೊಡುತ್ತಾರೆ. ಫೆಬ್ರವರಿ ಕಳೆದ ಮೇಲೆ ಮಾತ್ರ ಬೇಡ. 2018ರ ಮಾರ್ಚ್‌ನಲ್ಲಿ ತೇನಿಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ 20ಕ್ಕೂ ಜಾಸ್ತಿ ಚಾರಣಿಗರು ಸತ್ತರು. ಒಣ ಹುಲ್ಲಿನ ಬೆಟ್ಟದಲ್ಲಿ ಬೆಂಕಿಗಿಂತ ಬೇಗ ಓಡಲು ಯಾರಿಂದಲೂ ಆಗುವುದಿಲ್ಲ. ನಮ್ಮ ಅರಣ್ಯ ಇಲಾಖೆ ಕೆಲವು ವರ್ಷ ಫೆಬ್ರವರಿಯಲ್ಲೇ ಘಟ್ಟದ ದಾರಿಗಳನ್ನು ಮುಚ್ಚುವುದು ಇದಕ್ಕೇ.

ರಜೆ ಮತ್ತು ದುಡ್ಡು

ಕೊನೆಗೆ ಎಲ್ಲ ಬಂದು ನಿಲ್ಲುವುದು ಇಲ್ಲಿ. ಘಟ್ಟಕ್ಕೆ ರಜೆಯೇ ಬೇಡ, ಶುಕ್ರವಾರ ರಾತ್ರಿ ಬಸ್ಸು, ಸೋಮವಾರ ಬೆಳಿಗ್ಗೆ ಮನೆ. ಉತ್ತರಾಖಂಡಕ್ಕೆ ನಡಿಗೆ ನಾಲ್ಕೈದು ದಿನ, ಡೆಹ್ರಾಡೂನ್‌ನಿಂದ ಹೋಗಿ ಬರಲು ಎರಡು ದಿನ, ಬೆಂಗಳೂರಿನಿಂದ ಹೋಗಿ ಬರಲು ಇನ್ನೆರಡು. ಒಂದು ದಿನ ಜಾಸ್ತಿ ಇಟ್ಟುಕೊಳ್ಳಲೇಬೇಕು, ಹಿಮ ಬಿದ್ದು ರಸ್ತೆ ಮುಚ್ಚಿದರೆ ಜೀಪ್ ಹೊರಡುವುದಿಲ್ಲ. ಅಂದರೆ ಕಡಿಮೆ ಅಂದರೂ ಎರಡು ವಾರಾಂತ್ಯ, ನಡುವೆ ಒಂದು ಪೂರ್ತಿ ವಾರ. ಜನವರಿ 26ರ ಅಕ್ಕಪಕ್ಕ ಅಥವಾ ಶಿವರಾತ್ರಿಯ ಅಕ್ಕಪಕ್ಕ ಹೊಂದಿಸಿದರೆ ಒಂದು ದಿನದ ರಜೆ ಉಳಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿದ್ದರೆ ಫೆಬ್ರವರಿ, ಮಾರ್ಚ್ ಪರೀಕ್ಷೆಯ ಕಾಲ, ಹಾಗಾಗಿ ಅವರಿಗೆ ಕ್ರಿಸ್‌ಮಸ್ ರಜೆಯೇ ಗತಿ. ಅಂಥವರು ಹಿಮದ ಆಸೆ ಬಿಟ್ಟು ತಡಿಯಂಡಮೋಳ್ ಹತ್ತಿಸಿ, ಇಲ್ಲವೇ ಸಿಕ್ಕಷ್ಟೇ ಹಿಮ ಸಾಕು ಅಂದುಕೊಂಡು ದಯಾರಾಗೆ ಹೋಗಿ.

ದುಡ್ಡಿನ ವಿಷಯದಲ್ಲಿ ಟ್ರೆಕ್ ಶುಲ್ಕವನ್ನು ಮಾತ್ರ ಹೋಲಿಸುವುದು ದೊಡ್ಡ ಮೋಸ. ಕ್ರಿಸ್‌ಮಸ್ ವಾರದ ವಿಮಾನವೇ ಟ್ರೆಕ್ ಶುಲ್ಕವನ್ನು ಮೀರಿಸಬಹುದು. ಅದರ ಮೇಲೆ ಜೀಪ್, ಡೆಹ್ರಾಡೂನ್‌ನಲ್ಲಿ ಹೋಗುವಾಗ ಬರುವಾಗ ಒಂದೊಂದು ರಾತ್ರಿಯ ರೂಮು, ಬಾಡಿಗೆ ಜಾಕೆಟ್, ಬ್ಯಾಗ್ ಹೊರಲು ಕುದುರೆಗೆ ಕೊಡುವ ದುಡ್ಡು. ರೈಲಿನಲ್ಲಿ ಹೋಗುವ ಸಮಯ ಇರುವವರು ಡೆಲ್ಲಿವರೆಗೆ ರಾಜಧಾನಿ ಅಥವಾ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು, ಮುಂದೆ ಡೆಹ್ರಾಡೂನ್‌ಗೆ ರಾತ್ರಿ ರೈಲು ಹತ್ತಬಹುದು. 2024ರ ನವೆಂಬರ್‌ನಿಂದ ರೈಲ್ವೆ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಹಾಗಾಗಿ ಫೆಬ್ರವರಿ ನಡುವಿನ ಪ್ರಯಾಣಕ್ಕೆ ಡಿಸೆಂಬರ್ ನಡುವಿನಲ್ಲಿ ಕೂತು ಟಿಕೆಟ್ ತೆಗೆಯಿರಿ.

ಆ ಎರಡು ತಿಂಗಳು ಸುಮ್ನೆ ಕೂರಬೇಡಿ. ಹೆಚ್ಚಿನ ಆಯೋಜಕರು ಐದು ಕಿಲೋಮೀಟರನ್ನು 35ರಿಂದ 40 ನಿಮಿಷದಲ್ಲಿ ಓಡಲು ಬರಬೇಕು ಅನ್ನುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಓಡಿ, ಆದರೆ ಸಮತಟ್ಟಿನ ಓಟ ಮಾತ್ರ ಸಾಲದು. ಆಫೀಸಿನ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಭಾನುವಾರ ಶಿವಗಂಗೆಯನ್ನೋ ಸಾವನದುರ್ಗವನ್ನೋ ಬೆನ್ನಿಗೆ ಆರೇಳು ಕೆಜಿ ಹಾಕಿಕೊಂಡು ಹತ್ತಿ ಇಳಿಯಿರಿ. ಡಿಸೆಂಬರಿನಲ್ಲಿ ಕುಮಾರಪರ್ವತ ಮುಗಿಸಿದವರಿಗೆ ಫೆಬ್ರವರಿಯ ಬ್ರಹ್ಮತಾಲ್‌ಗೆ ಬೇರೆ ತಯಾರಿ ಹೆಚ್ಚು ಬೇಕಾಗುವುದಿಲ್ಲ. ವಾಪಸ್ ಬರುವ ವಿಮಾನವನ್ನು ಮಾತ್ರ ಜೀಪ್ ಡೆಹ್ರಾಡೂನ್ ತಲುಪುವ ಸಂಜೆಗೇ ಬುಕ್ ಮಾಡಬೇಡಿ, ಮರುದಿನ ಮಧ್ಯಾಹ್ನದ್ದು ತೆಗೆದುಕೊಳ್ಳಿ.